ಡಾರ್ನಾ ನೋಡೋಕೆ ಎಲ್ಲಿಂದ ಶುರು ಮಾಡಬೇಕು? ಯಾವ ನಟಿಯ ಡಾರ್ನಾ ಹೇಗಿದೆ?

ಸುಮಂತ್_ಹಾಸನ
ಫಿಲಿಪ್ಪೀನ್ಸ್‌ನ ಸೂಪರ್‌ಹೀರೋಯಿನ್ ಡಾರ್ನಾ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಮಾಹಿತಿ ಸೇರಲಿ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಸಿನಿಮಾ ಎಷ್ಟು, ಸೀರಿಯಲ್ ಎಷ್ಟು, ಯಾರ್‍ಯಾರು ಮಾಡಿದಾರೆ, ಹೊಸಬರು ಯಾವುದನ್ನ ಮೊದಲು ನೋಡಬೇಕು ಅನ್ನೋದು ಗೊತ್ತಾಗಬೇಕು. ಹುಡುಕಿದರೆ ಎಲ್ಲ ಕಡೆ ‘ಅತಿ ಸುಂದರ ಡಾರ್ನಾ ಯಾರು’ ಅನ್ನೋ ಪಟ್ಟಿಗಳೇ ಸಿಗ್ತವೆ. ಅದು ಇಲ್ಲಿ ಬೇಡ. ಪಾತ್ರ ಹೇಗೆ ಬದಲಾಯ್ತು, ಹಾರೋ ದೃಶ್ಯ ಹೇಗೆ ತೆಗೀತಾರೆ, ಯಾವುದು ಯಾಕೆ ಸೋತಿತು, ಯಾವುದು ಯಾಕೆ ಗೆದ್ದಿತು, ಇವುಗಳ ಬಗ್ಗೆ ತಿಳಿದವರು ಬರೀರಿ.

ಕಾಮಿಕ್ಸ್_ಕಪಾಟು
ಸಿನಿಮಾಕ್ಕೆ ಹೋಗೋ ಮೊದಲು ಮೂಲ ತಿಳಿದಿರಲಿ. ಇಲ್ಲದಿದ್ದರೆ ಯಾರು ಏನು ಬದಲಾಯಿಸಿದರು ಅನ್ನೋದೇ ತಿಳಿಯಲ್ಲ.

ಕತೆ ಬರೆದವರು ಮಾರ್ಸ್ ರಾವೆಲೊ, ಚಿತ್ರ ಬರೆದವರು ನೆಸ್ಟರ್ ರೆಡೊಂಡೊ. ರಾವೆಲೊ ಮೊದಲು ಈ ನಾಯಕಿಯನ್ನ 1947ರ ಜುಲೈನಲ್ಲಿ ‘ಬುಲಕ್ಲಾಕ್’ ಪತ್ರಿಕೆಯಲ್ಲಿ ‘ವಾರ್ಗಾ’ ಅನ್ನೋ ಹೆಸರಲ್ಲಿ ತಂದರು. ಆ ಪತ್ರಿಕೆ ಬಿಟ್ಟ ಮೇಲೆ ಹೆಸರು ಬದಲಾಯಿಸಿ, 1950ರ ಮೇ 13ರಂದು ‘ಪಿಲಿಪಿನೋ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಡಾರ್ನಾ ಆಗಿ ಮತ್ತೆ ಶುರು ಮಾಡಿದರು. ಈಗ ಎಲ್ಲರೂ ನೋಡೋ ಡಾರ್ನಾ ಇವಳೇ.

ಕತೆಯ ಗಟ್ಟಿ ಭಾಗ ಇಷ್ಟು. ನಾರ್ಡಾ ಅನ್ನೋ ಹಳ್ಳಿ ಹುಡುಗಿಗೆ ಆಕಾಶದಿಂದ ಬಿದ್ದ ಬಿಳಿ ಕಲ್ಲು ಸಿಗುತ್ತೆ. ಅದನ್ನ ನುಂಗಿ ‘ಡಾರ್ನಾ!’ ಅಂತ ಕೂಗಿದರೆ ಮಾರ್ಟೆ ಗ್ರಹದ ಯೋಧೆ ಬರ್ತಾಳೆ. ‘ನಾರ್ಡಾ!’ ಅಂತ ಕೂಗಿದರೆ ಮತ್ತೆ ಹುಡುಗಿ. ತಮ್ಮ ಡಿಂಗ್ ಗುಟ್ಟು ಕಾಯೋವನು, ಮನೇಲಿ ಅಜ್ಜಿ. ಮುಖ್ಯ ವೈರಿ ವ್ಯಾಲೆಂಟಿನಾ, ಅವಳ ತಲೇಲಿ ಕೂದಲ ಬದಲು ಹಾವುಗಳು.

ಪರದೆಯ ಮೇಲೆ ಪ್ರತಿ ಸಲ ಬದಲಾಗಿರೋದು ಎರಡೇ ವಿಷಯ. ಒಂದು, ನಾರ್ಡಾ ಮತ್ತು ಡಾರ್ನಾ ಇಬ್ಬರು ಬೇರೆ ಬೇರೆ ಜೀವಗಳೋ, ಅಥವಾ ಒಬ್ಬಳೇ ಹುಡುಗಿ ಶಕ್ತಿ ಪಡೆಯೋದೋ. ಎರಡು, ಕಲ್ಲು ಒಮ್ಮೆ ನುಂಗಿದರೆ ಒಳಗೇ ಇರುತ್ತೋ, ಪ್ರತಿ ಸಲ ಬಾಯಿಗೆ ಹಾಕಿಕೊಳ್ಳಬೇಕೋ. ಎರಡನೇದು ಸಣ್ಣದು ಅಂತ ಬಿಡಬೇಡಿ. ಕಲ್ಲು ಹೊರಗಿದ್ದರೆ ಕಳೆದುಹೋಗಬಹುದು, ಕಳ್ಳತನ ಆಗಬಹುದು, ಡಿಂಗ್ ಓಡಿ ಬಂದು ಎಸೀಬೇಕಾಗಬಹುದು. ‘ಡಿಂಗ್, ಆಂಗ್ ಬಾತೋ!’ ಅಂದರೆ ‘ಡಿಂಗ್, ಆ ಕಲ್ಲು!’ ಅನ್ನೋ ಕೂಗು ಅಲ್ಲಿ ಮಕ್ಕಳಿಗೂ ಬಾಯಿಪಾಠ. ಕಲ್ಲು ಒಳಗೇ ಉಳಿದರೆ ಡಿಂಗ್‌ಗೆ ಕೆಲಸವೇ ಇರಲ್ಲ, ಕತೆಗಾರ ಅವನಿಗೆ ಬೇರೆ ಏನಾದರೂ ಹುಡುಕಬೇಕು.

ವೀಣಾ ಜಿ
ಸಿನಿಮಾಗಳನ್ನ ವರ್ಷದ ಪ್ರಕಾರ ಹೇಳ್ತೀನಿ. ಸುಮಂತ್, ಬೇಕಿದ್ದರೆ ಮೊದಲ ಪೋಸ್ಟಿಗೆ ಸೇರಿಸಿಕೊಳ್ಳಿ.

1951ರ ಮೊದಲ ಚಿತ್ರದಲ್ಲಿ ರೋಸಾ ಡೆಲ್ ರೊಸಾರಿಯೊ. ಕಾಮಿಕ್ಸ್ ಶುರುವಾಗಿ ಒಂದು ವರ್ಷಕ್ಕೇ ಸಿನಿಮಾ! ನಿರ್ದೇಶನ ಫರ್ನಾಂಡೊ ಪೊ ಸೀನಿಯರ್. ಅವರು ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. 1952ರಲ್ಲಿ ಗಿಡುಗ ಹೆಂಗಸಿನ ಕತೆ, ಅದರಲ್ಲೂ ರೋಸಾನೇ. ಆಮೇಲೆ ಹತ್ತು ವರ್ಷ ಖಾಲಿ. 1963ರಲ್ಲಿ ಲಿಜಾ ಮೊರೆನೊ ಒಂದೇ ವರ್ಷ ಎರಡು ಚಿತ್ರ ಮಾಡಿದರು, ಒಂದರಲ್ಲಿ ವೈರಿ ಇಂಪಾಕ್ತಾ, ಅಂದರೆ ದೆವ್ವದಂಥ ಹೆಂಗಸು, ಇನ್ನೊಂದರಲ್ಲಿ ‘ಇಸ್ಪುಟ್ನಿಕ್’. ರಷ್ಯಾದ ಸ್ಪುಟ್ನಿಕ್ ಉಪಗ್ರಹ ಹಾರಿ ಆರು ವರ್ಷ ಆಗಿತ್ತು, ಆ ಹೆಸರು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ. 1965ರಲ್ಲಿ ಇವಾ ಮೊಂಟೆಸ್, 1969ರಲ್ಲಿ ಗಿನಾ ಪರೆನ್ಯೊ.

ಗಿನಾ ಪರೆನ್ಯೊ ಬಗ್ಗೆ ನಿಂತು ಒಂದು ಮಾತು. ಅವರನ್ನ ಬರೀ ಹಳೇ ಡಾರ್ನಾ ಅಂತ ನೋಡಿದರೆ ಅನ್ಯಾಯ. 2006ರ ‘ಕುಬ್ರಡೋರ್’ ಚಿತ್ರದಲ್ಲಿ ಓಸಿ ಜೂಜಿನ ಚೀಟಿ ಬರೆಯೋ ಹೆಂಗಸಿನ ಪಾತ್ರ ಮಾಡಿ ದೆಹಲಿಯ ಓಸಿಯಾನ್ಸ್ ಸಿನೆಫ್ಯಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ತಗೊಂಡರು. ನಮ್ಮ ದೇಶಕ್ಕೂ ಈ ನಟಿಯರಿಗೂ ಇರೋ ನೇರ ನಂಟು ಇದು. ಹುಡುಕಿ ನೋಡಿ.

1973ರಿಂದ ವಿಲ್ಮಾ ಸಾಂಟೋಸ್ ಕಾಲ. ಒಟ್ಟು ನಾಲ್ಕು ಚಿತ್ರ: 1973ರಲ್ಲಿ ಎರಡು, 1975ರಲ್ಲಿ ಒಂದು, 1980ರಲ್ಲಿ ಒಂದು. ನಡುವೆ 1979ರಲ್ಲಿ ರಿಯೊ ಲಾಕ್ಸಿನ್ ಒಂದು ಮಾಡಿದರು. ಅದೇ ವರ್ಷ ಹಾಸ್ಯನಟ ಡಾಲ್ಫಿ ಡಾರ್ನಾ ವೇಷ ಹಾಕಿದ ಅಣಕು ಚಿತ್ರವೂ ಬಂತು. 1991ರಲ್ಲಿ ನಾನೆಟ್ ಮೆಡ್ವೆಡ್, ಅದು ನಿರ್ದೇಶಕ ಜೋಯೆಲ್ ಲಮಾಂಗನ್ ಅವರ ಮೊದಲ ಚಿತ್ರ. 1994ರಲ್ಲಿ ಅಂಜನೆಟ್ ಅಬಯಾರಿ, ನಿರ್ದೇಶನ ಪೆಕೆ ಗಲ್ಯಾಗಾ ಮತ್ತು ಲೋರೆ ರೇಯೆಸ್. ಅಲ್ಲಿಂದ ಇವತ್ತಿನ ತನಕ ಡಾರ್ನಾಳೇ ನಾಯಕಿಯಾದ ಹೊಸ ಸಿನಿಮಾ ಚಿತ್ರಮಂದಿರಕ್ಕೆ ಬಂದಿಲ್ಲ.

ಟಿವಿಯಲ್ಲಿ 1977ರಲ್ಲಿ ಲೋರ್ನಾ ತೊಲೆಂಟಿನೊ, 2005ರಲ್ಲಿ ಏಂಜೆಲ್ ಲಾಕ್ಸಿನ್, 2009ರಲ್ಲಿ ಮರಿಯನ್ ರಿವೇರಾ, 2022ರಲ್ಲಿ ಜೇನ್ ಡಿ ಲಿಯೋನ್. ಅಣಕು ಚಿತ್ರ ಬಿಟ್ಟರೆ ಹದಿಮೂರು ಸಿನಿಮಾ, ಮುಖ್ಯ ಪಾತ್ರಕ್ಕೆ ಹನ್ನೆರಡು ನಟಿಯರು.

ಪ್ರಿಂಟ್_ಪಾಟೀಲ
ಸುಮಂತ್ ಅವ್ರ, 1951ರಿಂದ ಸಾಲಾಗಿ ನೋಡ್ಕೋತ ಬರ್ತೀನಿ ಅಂತ ಕುಂತರ ಆಗಂಗಿಲ್ರಿ. ಹಳೇ ಫಿಲಿಪಿನೋ ಸಿನಿಮಾ ಪ್ರಿಂಟ್ ಉಳದಿದ್ದು ಭಾಳ ಕಡಿಮಿ. ಎರಡನೇ ಮಹಾಯುದ್ಧದ ಹಿಂದಿನ ನೂರಾರು ಚಿತ್ರದಾಗ ಇವತ್ತಿಗೆ ಉಳದಾವು ಅಂತ ಎಣಿಸೋದು ಬೆರಳೆಣಿಕಿಯಷ್ಟ. ಅದರಾಗ ಒಂದು 1937ರ ‘ಜಾಂಬೊಂಗಾ’. ಅದರ ನಾಯಕಿ ಯಾರು ಗೊತ್ತೇನ್ರಿ? ಇದೇ ರೋಸಾ ಡೆಲ್ ರೊಸಾರಿಯೊ. ನಾಯಕ ಫರ್ನಾಂಡೊ ಪೊ ಸೀನಿಯರ್. ಮುಂದ 1951ರಾಗ ಇದೇ ಜೋಡಿ, ಆಕಿ ಡಾರ್ನಾ, ಅಂವ ನಿರ್ದೇಶಕ. ಆ ‘ಜಾಂಬೊಂಗಾ’ ಪ್ರಿಂಟ್ ಸಿಕ್ಕಿದ್ದು ದೂರದ ಫಿನ್ಲೆಂಡಿನಾಗ! ಮೊದಲನೇ ಡಾರ್ನಾ ವಯಸ್ಸಿನ್ಯಾಗ ಹೆಂಗಿದ್ಲು ನೋಡಬೇಕು ಅಂದ್ರ ಅದನ್ನ ನೋಡ್ರಿ.

ಪ್ರಿಂಟ್ ಯಾಕ ಹಾಳಾಗ್ತಾವು ಅಂದ್ರ, 50ರ ದಶಕದಿಂದ ಬಂದದ್ದು ಅಸಿಟೇಟ್ ಫಿಲ್ಮು. ಬಿಸಿಲು, ತೇವ ಎರಡೂ ಕೂಡಿದ್ರ ಅದು ಒಡದು ಅಸಿಟಿಕ್ ಆ್ಯಸಿಡ್ ಬಿಡ್ತೈತಿ. ಡಬ್ಬಿ ತಗದ ಕೂಡ್ಲೇ ವಿನೆಗರ್ ವಾಸನಿ. ಒಂದು ರೀಲಿಗೆ ಹತ್ತಿದ್ರ ಪಕ್ಕದ ರೀಲಿಗೂ ಹಬ್ಬತೈತಿ, ಯಾಕಂದ್ರ ಆ ಆ್ಯಸಿಡ್ ಆವಿನೇ ಮುಂದಿನ ಕೊಳೀವಿಕಿಗೆ ದಾರಿ ಮಾಡತೈತಿ. ಫಿಲ್ಮು ಮುದುಡಿ ಗಿಡ್ಡ ಆಗಿ, ಪಕ್ಕದ ತೂತು ಮಷಿನ್ ಹಲ್ಲಿಗೆ ಕೂಡಂಗಿಲ್ಲ. ವರ್ಷ ಪೂರ್ತಿ ಸೆಕಿ ಇರೋ ಮನಿಲಾದಂಥ ಊರಾಗ ತಂಪು ಕೋಣಿ ಇಲ್ಲದ ಗೋಡೌನ್‌ನಾಗ ಇಟ್ರ ಉಳಿಯೋದು ಕಷ್ಟ ಐತ್ರಿ. ಹಿಂಗಾಗಿ 50, 60ರ ಡಾರ್ನಾಗಳನ್ನ ಪೋಸ್ಟರ್, ಸ್ಟಿಲ್ ಫೋಟೋ, ಕಾಮಿಕ್ಸ್ ಇವುಗಳ ಮ್ಯಾಲೇ ತಿಳ್ಕೋಬೇಕು.

ಸುಮಂತ್_ಹಾಸನ
ಹಾಗಾದರೆ ವಿಲ್ಮಾ ಇಂದ ಶುರು ಮಾಡೋದು ಸರಿನಾ? ಎಲ್ಲರೂ ಅವರನ್ನೇ ಯಾಕೆ ಎತ್ತಿ ಹೇಳ್ತಾರೆ? ಒಟ್ಟು ನಾಲ್ಕು ಸಿನಿಮಾ ಮಾಡಿದ್ದಕ್ಕಾ?

ವೀಣಾ ಜಿ
ಸಂಖ್ಯೆಗಲ್ಲ. ವಿಲ್ಮಾ ನಾರ್ಡಾನೂ ಅವರೇ, ಡಾರ್ನಾನೂ ಅವರೇ. ಮೂಲದಲ್ಲಿ ನಾರ್ಡಾ ಚಿಕ್ಕ ಹುಡುಗಿ, ಡಾರ್ನಾ ದೊಡ್ಡ ಹೆಂಗಸು. ಆ ಲೆಕ್ಕದಲ್ಲಿ ತೆಗೆದರೆ ಭಾವನೆಯ ದೃಶ್ಯವೆಲ್ಲ ಮಗುವಿನ ಪಾಲಾಗುತ್ತೆ, ಡಾರ್ನಾ ಪಾತ್ರಧಾರಿ ಹಾರೋದು, ಹೊಡೆಯೋದು, ಸೊಂಟಕ್ಕೆ ಕೈಯಿಟ್ಟು ನಿಲ್ಲೋದು ಇಷ್ಟೇ ಮಾಡಬೇಕಾಗುತ್ತೆ. ಒಬ್ಬರೇ ನಟಿ ಎರಡನ್ನೂ ಮಾಡಿದಾಗ ಅಭಿನಯಕ್ಕೆ ಜಾಗ ಸಿಗುತ್ತೆ. ಕಲ್ಲು ಬಾಯಿಗೆ ಹಾಕಿಕೊಳ್ಳೋ ಮುಂಚಿನ ಆ ಎರಡು ಸೆಕೆಂಡ್ ಹೆದರಿಕೆ, ಕೂಗಿದ ಮೇಲೆ ಬೆನ್ನು ನೇರ ಆಗೋದು, ದನಿ ಇಳಿದು ನಿಧಾನ ಆಗೋದು. ಇವತ್ತು ಪ್ರತಿ ಡಾರ್ನಾ ನಟಿಯನ್ನೂ ಜನ ಅಳೆಯೋದು ಆ ಬದಲಾವಣೆಯಿಂದಲೇ.

1973ರ ‘ಲಿಪಾಡ್, ಡಾರ್ನಾ, ಲಿಪಾಡ್’ ಬಂದಾಗ ವಿಲ್ಮಾಗೆ ಹತ್ತೊಂಬತ್ತು ವರ್ಷ. ಆ ಚಿತ್ರದ ಕಟ್ಟುವಿಕೆಯೇ ಬೇರೆ: ಮೂರು ಕತೆ, ಮೂವರು ನಿರ್ದೇಶಕರು, ಮೂವರು ವೈರಿಗಳು. ನಿರ್ದೇಶಕರು ಇಮ್ಯಾನುಯೆಲ್ ಬೊರ್ಲಾಜಾ, ಜೋಯಿ ಗೊಸಿಯೆಂಗ್ಫಿಯಾವೊ, ಎಲ್ವುಡ್ ಪೆರೆಜ್. ಇಂಪಾಕ್ತಾ ಆಗಿ ಗ್ಲೋರಿಯಾ ರೊಮೆರೊ, ವ್ಯಾಲೆಂಟಿನಾ ಆಗಿ ಸೀಲಿಯಾ ರೊಡ್ರಿಗಸ್, ಗಿಡುಗ ಹೆಂಗಸಾಗಿ ಲಿಜಾ ಲೊರೆನಾ. ಗ್ಲೋರಿಯಾ ರೊಮೆರೊ ಆ ಕಾಲಕ್ಕೇ ದೊಡ್ಡ ತಾರೆ. ಅಂಥವರನ್ನ ವೈರಿಯಾಗಿ ನಿಲ್ಲಿಸಿದ್ದರಿಂದ ಹತ್ತೊಂಬತ್ತರ ಹುಡುಗಿಗೆ ಎದುರು ನಿಲ್ಲೋಕೆ ಗಟ್ಟಿ ಗೋಡೆ ಸಿಕ್ಕಿತು. 1980ರ ‘ಡಾರ್ನಾ ಅಟ್ ಡಿಂಗ್’ನಲ್ಲಿ ಡಿಂಗ್ ಆಗಿದ್ದು ಬಾಲತಾರೆ ನಿನ್ಯೊ ಮುಹ್ಲಾಕ್. ಹುಡುಗನ ಹೆಸರನ್ನ ಚಿತ್ರದ ಹೆಸರಿಗೇ ಸೇರಿಸಿದ್ದು ಸುಮ್ಮನೆ ಅಲ್ಲ, ಆಗ ಅವನಿಗೆ ಅಷ್ಟು ಮಾರುಕಟ್ಟೆ ಇತ್ತು.

ವಿಲ್ಮಾ ಆಮೇಲೆ ಲಿಪಾ ನಗರದ ಮೇಯರ್ ಆದರು, ಬಟಾಂಗಸ್ ಪ್ರಾಂತ್ಯದ ಗವರ್ನರ್ ಆದರು. ಆದರೂ ಜನ ಅವರನ್ನ ಡಾರ್ನಾ ಅಂತಲೇ ನೆನೀತಾರೆ.

ರೋಪ್_ರಾಘು
ಹಾರೋ ದೃಶ್ಯದ ಬಗ್ಗೆ ಯಾರೂ ಮುಟ್ಟಿಲ್ಲ, ನಾನು ಬರೀತೀನಿ. ಡಾರ್ನಾ ತೆಗೆಯೋಕೆ ಸೂಪರ್‌ಮ್ಯಾನ್‌ಗಿಂತ ಕಷ್ಟ. ಕಾರಣ ಬಟ್ಟೆ.

ಹಾರೋ ನಟರಿಗೆ ಬಟ್ಟೆ ಒಳಗೆ ಹಾರ್ನೆಸ್ ಹಾಕ್ತಾರೆ. ಸೊಂಟದ ಸುತ್ತ ಅಗಲ ಪಟ್ಟಿ, ತೊಡೆಗೆ ಎರಡು ಪಟ್ಟಿ, ಸೊಂಟದ ಮೂಳೆಯ ಎರಡೂ ಪಕ್ಕ ಒಂದೊಂದು ಕೊಂಡಿ. ಆ ಕೊಂಡಿಗೆ ರೋಪ್. ಎರಡು ಪಕ್ಕದ ಕೊಂಡಿ ಯಾಕೆ ಅಂದರೆ ಮೈ ಅಲ್ಲೇ ತಿರುಗಿ ಬೋರಲಾಗಿ ಮಲಗಿದ ಹಾಗೆ ಬರುತ್ತೆ. ಬೆನ್ನಿಗೆ ಒಂದೇ ಕೊಂಡಿ ಹಾಕಿದರೆ ನೆಟ್ಟಗೆ ಮೇಲೆ ಎತ್ತಬಹುದು ಅಷ್ಟೇ, ಮುಂದಕ್ಕೆ ಹಾರೋ ಭಂಗಿ ಬರಲ್ಲ. ಸೂಪರ್‌ಮ್ಯಾನ್‌ಗೆ ಮೈತುಂಬ ಬಟ್ಟೆ, ಮೇಲೆ ಹೊದಿಕೆ. ಪಟ್ಟಿ, ಕೊಂಡಿ, ಗಂಟು ಎಲ್ಲ ಮುಚ್ಚಿ ಹೋಗುತ್ತೆ. ಡಾರ್ನಾಗೆ ಏನಿದೆ? ನಕ್ಷತ್ರ ಇರೋ ಕೆಂಪು ಬಿಕಿನಿ, ಚಿನ್ನದ ಬಣ್ಣದ ಪದಕದ ಬೆಲ್ಟು, ಮುಂದೆ ಇಳಿಬಿದ್ದ ಬಾಹಾಗ್, ಅಂದರೆ ಲಂಗೋಟಿ ಥರದ ಪಟ್ಟಿ, ತಲೆಗೆ ರೆಕ್ಕೆಯ ಶಿರಸ್ತ್ರಾಣ, ಕೆಂಪು ಬೂಟು. ಹೊಟ್ಟೆ, ಬೆನ್ನು, ತೊಡೆ ಎಲ್ಲ ಬಯಲು. ತೊಡೆಪಟ್ಟಿ ಅಡಗಿಸೋಕೆ ಜಾಗವೇ ಇಲ್ಲ.

ಹಾಗಾಗಿ ದಾರಿ ನಾಲ್ಕೇ. ಮೊದಲನೇದು ಎದೆಯಿಂದ ಮೇಲೆ ಮಾತ್ರ ಫ್ರೇಮ್ ಇಡೋದು. ನಟಿ ಮೇಜಿನ ಮೇಲೆ ಬೋರಲಾಗಿ ಮಲಗಿರ್ತಾರೆ, ಎದುರಿಂದ ಫ್ಯಾನ್. ಎರಡನೇದು ದೂರದ ಶಾಟಿಗೆ ಬೊಂಬೆ ಅಥವಾ ಡೂಪ್. ಮೂರನೇದು ಮೈಬಣ್ಣದ ಬಟ್ಟೆ ಒಳಗೆ ತೆಳು ಹಾರ್ನೆಸ್ ಹಾಕೋದು, ಆದರೆ ಹತ್ತಿರದ ಶಾಟಲ್ಲಿ ಸುಕ್ಕು ಕಾಣುತ್ತೆ, ಸೊಂಟ ದಪ್ಪ ಕಾಣುತ್ತೆ. ನಾಲ್ಕನೇದು ಹಾರ್ನೆಸ್ ಕಾಣೋ ಹಾಗೇ ತೆಗೆದು ಕಂಪ್ಯೂಟರಲ್ಲಿ ಅಳಿಸೋದು. ಬರಿ ರೋಪ್ ಅಳಿಸೋದು ಸುಲಭ, ಗೆರೆ ಥರ ಇರುತ್ತೆ. ಚರ್ಮದ ಮೇಲಿನ ಪಟ್ಟಿ ಅಳಿಸಿ ಆ ಜಾಗದಲ್ಲಿ ಮತ್ತೆ ಚರ್ಮ ಬರೆಯಬೇಕು ಅಂದರೆ ಒಂದೊಂದು ಫ್ರೇಮೂ ಕೈಕೆಲಸ. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ದಿನಾ ಪ್ರಸಾರ ಆಗೋ ಸೀರಿಯಲ್‌ಗೆ ಇಷ್ಟು ಸಮಯ ಎಲ್ಲಿಂದ ಬರಬೇಕು?

2022ರ ಬಟ್ಟೆ ಕವಚದ ಹಾಗೆ ಗಟ್ಟಿಯಾಗಿ, ಮೈ ಹೆಚ್ಚು ಮುಚ್ಚೋ ಹಾಗೆ ಬಂತು. ಹಳೇ ಅಭಿಮಾನಿಗಳು ಅದನ್ನ ಸಂಪ್ರದಾಯ ಬಿಟ್ಟಿದ್ದು ಅಂತ ಟೀಕಿಸ್ತಾರೆ. ರೋಪ್ ಕೆಲಸದ ಕಣ್ಣಿಂದ ನೋಡಿದರೆ ಅದು ಒಳ್ಳೇ ತೀರ್ಮಾನ, ಏಕೆಂದರೆ ಅಂಥ ಬಟ್ಟೆಯಲ್ಲಿ ಪಟ್ಟಿ ಅಡಗಿಸೋಕೆ ಜಾಗ ಸಿಗುತ್ತೆ.

ಗ್ರೀನ್ ಮ್ಯಾಟ್, ಅಂದರೆ ಆಮೇಲೆ ಕಂಪ್ಯೂಟರಲ್ಲಿ ಹಿನ್ನೆಲೆ ಬದಲಾಯಿಸೋಕೆ ನಟಿಯ ಹಿಂದೆ ಕಟ್ಟೋ ಹಸಿರು ಪರದೆ, ಅದರ ತೊಂದರೆ ಬೇರೆ ಇದೆ. ಕೆಂಪು ಬಟ್ಟೆ ಹಸಿರಿನಿಂದ ಚೆನ್ನಾಗಿ ಬೇರೆಯಾಗುತ್ತೆ, ಅದು ಅದೃಷ್ಟ. ಆದರೆ ಶಿರಸ್ತ್ರಾಣ, ಬೆಲ್ಟು, ಕೈಕಡಗ ಎಲ್ಲ ಹೊಳೆಯೋ ಚಿನ್ನದ ಬಣ್ಣ. ಹಿಂದಿನ ಹಸಿರು ಅದರಲ್ಲಿ ಕನ್ನಡಿ ಥರ ಬೀಳುತ್ತೆ. ಹಸಿರು ತೆಗೆದಾಗ ಪದಕದಲ್ಲೂ ತೂತು ಬಿದ್ದು ಹಿಂದಿನ ಆಕಾಶ ಕಾಣುತ್ತೆ. ಕಡಿಮೆ ಬಜೆಟ್ಟಿನ ಶಾಟುಗಳಲ್ಲಿ ಶಿರಸ್ತ್ರಾಣದ ಅಂಚು ಮಿಣಮಿಣ ಅಂತ ಬಂದು ಹೋಗೋದು ನೋಡಿರ್ತೀರಿ, ಅದು ಇದೇ. ಪರಿಹಾರ ಕಷ್ಟದ್ದೇನಲ್ಲ: ನಟಿಗೂ ಮ್ಯಾಟಿಗೂ ಕಡೇಪಕ್ಷ ಮೂರು ಮೀಟರ್ ಅಂತರ, ಹೊಳಪು ತಗ್ಗಿಸೋ ಸ್ಪ್ರೇ, ಮ್ಯಾಟಿಗೆ ಬೇರೆ ಲೈಟು ನಟಿಗೆ ಬೇರೆ ಲೈಟು. ಫ್ಲೋರ್ ಚಿಕ್ಕದಾದರೆ ಅಂತರ ಸಿಗಲ್ಲ, ಅಲ್ಲೇ ಎಲ್ಲ ಕೆಡೋದು. ಇದಕ್ಕೆ ಫ್ಯಾನಲ್ಲಿ ಹಾರೋ ಉದ್ದ ಕಪ್ಪು ಕೂದಲೂ ಸೇರಿತು. ಎಳೆ ಎಳೆ ಕೂದಲಿನ ನಡುವೆ ಹಸಿರು ಉಳಿಯುತ್ತೆ, ಪೂರ್ತಿ ತೆಗೆದರೆ ಕೂದಲೇ ಕತ್ತರಿಸಿದ ಹಾಗೆ ಮೊಂಡಾಗುತ್ತೆ.

ಕಾಮಿಕ್ಸ್_ಕಪಾಟು
ರಾಘು ಅವ್ರೇ, ನಟಿಯ ಮೈ ಮೇಲೆ ಬೀಳೋ ಭಾರದ ಬಗ್ಗೆನೂ ಹೇಳಿ. 2005ರ ಸೀರಿಯಲ್ ಮಾಡಿದ ಏಂಜೆಲ್ ಲಾಕ್ಸಿನ್ ಎರಡನೇ ಸಲ ಸಿನಿಮಾದಲ್ಲಿ ಡಾರ್ನಾ ಆಗಬೇಕಿತ್ತು, ಅದನ್ನ ಬಿಟ್ಟಿದ್ದು ಬೆನ್ನಿನ ತೊಂದರೆಯಿಂದ.

ರೋಪ್_ರಾಘು
ಹೌದು, ಅದು ಹೇಳಲೇಬೇಕು. ಬೋರಲಾಗಿ ತೇಲೋ ಭಂಗಿಯಲ್ಲಿ ಎರಡೇ ಕಡೆ ಆಧಾರ, ಸೊಂಟದ ಆಚೆ ಈಚೆ. ಮುಂದೆ ಎದೆ, ತಲೆ, ಚಾಚಿದ ಕೈ. ಹಿಂದೆ ಎರಡು ಕಾಲು, ಅದಕ್ಕೆ ಬೂಟಿನ ಭಾರ. ಕಾಲು ಜೋತುಬಿದ್ದರೆ ಹಾರೋ ಹಾಗೆ ಕಾಣಲ್ಲ, ನೇತುಹಾಕಿದ ಹಾಗೆ ಕಾಣುತ್ತೆ. ಕಾಲನ್ನೂ ಎದೆಯನ್ನೂ ಎತ್ತಿ ಹಿಡಿಯೋಕೆ ಕೆಳಬೆನ್ನು ಹಿಂದಕ್ಕೆ ಬಾಗಿ ಬಿಗಿಯಾಗಿ ನಿಲ್ಲಬೇಕು. ಅದರ ಜೊತೆಗೆ ಮುಖದಲ್ಲಿ ನಗು ಬೇರೆ ಇರಬೇಕು. ಟೇಕ್ ನಡುವೆ ಇಳಿಸಿ ಮತ್ತೆ ಎತ್ತೋದು ತಡ ಆಗುತ್ತೆ ಅಂತ ಮೇಲೇ ಬಿಟ್ಟಿರೋದೂ ಉಂಟು, ಅದು ಸರಿಯಲ್ಲ. ಡಿಸ್ಕ್ ಉಬ್ಬಿರೋರಿಗೆ ಈ ಭಂಗಿ ಬೇಡವೇ ಬೇಡ. ಫೈಟ್ ಮಾಸ್ಟರ್ ಎಷ್ಟೇ ಜಾಣ ಆದರೂ ಇಲ್ಲಿ ಡೂಪ್ ಹಾಕೋದೊಂದೇ ದಾರಿ. ಮುಖ ಹತ್ತಿರದಿಂದ ಕಾಣಬೇಕು ಅಂದರೆ ಅದೂ ಆಗಲ್ಲ.

ಮಧುಕೇಶ್ವರ
ಟಿವಿ ಡಾರ್ನಾಗಳನ್ನ ಸಿನಿಮಾ ಜೊತೆ ಹೋಲಿಸೋ ಮೊದಲು ಒಂದು ಲೆಕ್ಕ ನೋಡಿ. 2005, 2009, 2022ರ ಮೂರೂ ಸೋಮವಾರದಿಂದ ಶುಕ್ರವಾರದ ತನಕ ಬಂದ ಸೀರಿಯಲ್‌ಗಳು.

ಏಂಜೆಲ್ ಲಾಕ್ಸಿನ್: 2005ರ ಏಪ್ರಿಲ್ 4ರಿಂದ ನವೆಂಬರ್ 25, ಅಂದರೆ 34 ವಾರ, 170 ಎಪಿಸೋಡ್. ಮರಿಯನ್ ರಿವೇರಾ: 2009ರ ಆಗಸ್ಟ್ 10ರಿಂದ 2010ರ ಫೆಬ್ರವರಿ 19, 28 ವಾರ, 140 ಎಪಿಸೋಡ್. ಜೇನ್ ಡಿ ಲಿಯೋನ್: 2022ರ ಆಗಸ್ಟ್ 15ರಿಂದ 2023ರ ಫೆಬ್ರವರಿ 10, 26 ವಾರ, 130 ಎಪಿಸೋಡ್.

ಇಷ್ಟು ಎಪಿಸೋಡಲ್ಲಿ ಡಾರ್ನಾ ದಿನಾ ಹಾರೋಕೆ ಆಗಲ್ಲ. ಹೆಚ್ಚಿನ ಸಮಯ ತೆರೆ ಮೇಲೆ ಇರೋದು ನಾರ್ಡಾ. ಹಾಗಾಗಿ ಸೀರಿಯಲ್‌ನಲ್ಲಿ ಒಳ್ಳೇ ಡಾರ್ನಾ ಆಗಬೇಕು ಅಂದರೆ ಮೊದಲು ಒಳ್ಳೇ ನಾರ್ಡಾ ಆಗಬೇಕು. ವೀಣಾ ಅವರು ವಿಲ್ಮಾ ಬಗ್ಗೆ ಹೇಳಿದ್ದು ಇಲ್ಲಿ ಇನ್ನೂ ಹೆಚ್ಚು ಅನ್ವಯಿಸುತ್ತೆ. ಏಂಜೆಲ್ ಗೆದ್ದಿದ್ದು ಅಲ್ಲೇ. ನಾರ್ಡಾ ಆಗಿದ್ದಾಗ ಪಕ್ಕದ ಮನೆ ಹುಡುಗಿ, ಒರಟು ಇಲ್ಲ, ಅಳುಬುರುಕಿ ಅಲ್ಲ. ಡಾರ್ನಾ ಆದಾಗ ಭುಜ ಅಗಲ ಆಗುತ್ತೆ, ಕಣ್ಣು ನೇರ ಆಗುತ್ತೆ. ಮರಿಯನ್ ಹೊಡೆದಾಟದಲ್ಲಿ ಚುರುಕು, ಆದರೆ ಎರಡು ಪಾತ್ರದ ನಡುವೆ ಅಷ್ಟು ವ್ಯತ್ಯಾಸ ಕಾಣಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದೇ ಇರೋರು ಯಾವ ಎಪಿಸೋಡ್ ಅಂತ ಹೇಳಿ ವಾದ ಮಾಡಿ.

ಜೇನ್‌ಗೆ ಸಿಕ್ಕಿದ ನಾರ್ಡಾ ತುರ್ತು ವೈದ್ಯಕೀಯ ಸಿಬ್ಬಂದಿ, ಆಂಬ್ಯುಲೆನ್ಸ್ ಕೆಲಸ. ಇದು ಬರವಣಿಗೆಯಲ್ಲಿ ಆದ ಒಳ್ಳೇ ಬದಲಾವಣೆ. ಜನರನ್ನ ಉಳಿಸೋದು ಕಲ್ಲು ನುಂಗೋಕೆ ಮೊದಲೇ ಅವಳ ಕೆಲಸ. ಅಪಘಾತದ ಜಾಗಕ್ಕೆ ಅವಳು ಹೋಗಿದ್ದು ಹೇಗೆ ಅಂತ ಪ್ರತಿ ಸಲ ನೆಪ ಹುಡುಕಬೇಕಾಗಿಲ್ಲ. ಅವಳ ತಾಯಿ ಲಿಯೊನೋರ್ ಮೊದಲಿನ ಡಾರ್ನಾ, ಆ ಪಾತ್ರದಲ್ಲಿ ಇಜಾ ಕಲ್ಜಾಡೊ. ತಾಯಿ ಸತ್ತ ಮೇಲೆ ಕಲ್ಲು ಬೇಡ ಅಂತ ಮಗಳು ದೂರ ಸರಿಯೋದು, ಆಮೇಲೆ ಒಪ್ಪೋದು, ಇದು ಆಕಾಶದಿಂದ ಕಲ್ಲು ಬಿತ್ತು ಅನ್ನೋದಕ್ಕಿಂತ ಗಟ್ಟಿ ಶುರು.

ನಾಗರತ್ನ ಎಸ್
ಎಲ್ಲರೂ ಡಾರ್ನಾ ಡಾರ್ನಾ ಅಂತಿದ್ದೀರಿ, ವ್ಯಾಲೆಂಟಿನಾ ಬಗ್ಗೆ ಒಂದು ಸಾಲೂ ಇಲ್ಲ. ಡಾರ್ನಾ ಎಷ್ಟು ಚೆನ್ನಾಗಿದ್ದಾಳೆ ಅನ್ನೋದು ವ್ಯಾಲೆಂಟಿನಾ ಮೇಲೆ ನಿಂತಿದೆ ಅಂತ ನನ್ನ ಖಚಿತ ನಂಬಿಕೆ.

1951ರಲ್ಲಿ ಕ್ರಿಸ್ಟಿನಾ ಅರಗಾನ್, 1973ರಲ್ಲಿ ಸೀಲಿಯಾ ರೊಡ್ರಿಗಸ್, 1991ರಲ್ಲಿ ಪಿಲಾರ್ ಪಿಲಾಪಿಲ್, 1994ರಲ್ಲಿ ಗಾಯಕಿ ಪಿಲಿಟಾ ಕೊರಾಲೆಸ್, 2005ರಲ್ಲಿ ಅಲೆಸಾಂದ್ರಾ ಡಿ ರೊಸ್ಸಿ, 2009ರಲ್ಲಿ ಇವಾ ಮೊಟೊ, 2022ರಲ್ಲಿ ಜನೆಲಾ ಸಾಲ್ವಡೊರ್. ಸೀಲಿಯಾ ರೊಡ್ರಿಗಸ್ 2005ರ ಸೀರಿಯಲ್‌ಗೆ ಬ್ರಗುಡಾ ಅನ್ನೋ ಇನ್ನೊಬ್ಬ ವೈರಿಯಾಗಿ ವಾಪಸ್ ಬಂದರು. 32 ವರ್ಷ ಆದಮೇಲೆ ಅದೇ ಲೋಕಕ್ಕೆ! ಹಳೇ ಅಭಿಮಾನಿಗಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ.

1994ರ ಚಿತ್ರವನ್ನ ಕಡೆಗಣಿಸಬೇಡಿ. ಅದರಲ್ಲಿ ವ್ಯಾಲೆಂಟಿನಾಗೆ ವ್ಯಾಲೆಂಟೈನ್ ಅನ್ನೋ ಮಗಳು, ಮಾಡಿದವರು ಶೆರಿ ಗಿಲ್. 1991ರ ಜೂನ್‌ನಲ್ಲಿ ಪಿನಟುಬೊ ಜ್ವಾಲಾಮುಖಿ ಸಿಡಿದ ಮೇಲೆ ವರ್ಷಗಟ್ಟಲೆ ಮಳೆ ಬಂದಾಗೆಲ್ಲ ಲಾಹಾರ್, ಅಂದರೆ ಬೂದಿ ಕೆಸರಿನ ಪ್ರವಾಹ, ಹಳ್ಳಿಗಳನ್ನ ಮುಚ್ಚುತ್ತಿತ್ತು. ನಾರ್ಡಾ ಮನೆಯವರು ಆ ಲಾಹಾರ್‌ನಿಂದ ಊರು ಬಿಟ್ಟು ಮನಿಲಾಗೆ ಬರ್ತಾರೆ. ಸೂಪರ್‌ಹೀರೋ ಕತೆಗೆ ಆ ಕಾಲದ ನಿಜವಾದ ಸಂಕಟ ಸೇರಿಸಿದ್ದು ಇದೇ ಚಿತ್ರ. ಶೆರಿ ಗಿಲ್ ತೀರಿಕೊಂಡಿದ್ದು 2022ರ ಆಗಸ್ಟ್ 5, ಹೊಸ ಡಾರ್ನಾ ಶುರುವಾಗೋಕೆ ಹತ್ತು ದಿನ ಮೊದಲು.

ಜನೆಲಾ ಮಾಡಿದ ರೆಜಿನಾ ವನ್ಗಾರ್ಡಿಯಾ ವಕೀಲೆ, ವ್ಲಾಗರ್, ಮೊದಲು ನಾರ್ಡಾಳ ಗೆಳತಿ. ಗೆಳೆತನ ಇದ್ದಿದ್ದರಿಂದ ಹಗೆತನಕ್ಕೆ ತೂಕ ಬಂತು. ಅಭಿಮಾನಿಗಳು ಆ ಇಬ್ಬರನ್ನೇ ಜೋಡಿ ಮಾಡಿ ‘ಡಾರ್ಲೆಂಟಿನಾ’ ಅಂತ ಹೆಸರಿಟ್ಟರು, ನಾಯಕ ಬ್ರಯಾನ್‌ಗಿಂತ ಆ ಜೋಡಿಗೇ ಹೆಚ್ಚು ಚರ್ಚೆ ಆಯ್ತು.

ರೋಪ್_ರಾಘು
ಮೇಡಂ, ಹಾವಿನ ಕೂದಲೂ ತಾಂತ್ರಿಕವಾಗಿ ದೊಡ್ಡ ತಲೆನೋವು. ರಬ್ಬರ್ ಹಾವು ಕಟ್ಟಿದ ವಿಗ್ ಭಾರ ಆಗುತ್ತೆ, ಕತ್ತು ತಿರುಗಿಸಿದರೆ ಎಲ್ಲ ಹಾವೂ ಒಟ್ಟಿಗೆ ಒಂದೇ ಕಡೆ ಓಲಾಡ್ತವೆ, ಜೀವ ಇರೋ ಹಾಗೆ ಕಾಣಲ್ಲ. ಪೂರ್ತಿ ಕಂಪ್ಯೂಟರ್ ಹಾವು ಹಾಕಿದರೆ ಹಣೆಯ ಅಂಚಲ್ಲಿ ಚರ್ಮಕ್ಕೂ ಹಾವಿಗೂ ಕೂಡೋ ಜಾಗ ತೇಲಿದ ಹಾಗೆ ಕಾಣುತ್ತೆ. ಹಣೆ ಹತ್ತಿರ ನಾಲ್ಕಾರು ನಿಜವಾದ ರಬ್ಬರ್ ಹಾವು ಇಟ್ಟು, ಅವುಗಳ ನೆರಳು ಮುಖದ ಮೇಲೆ ಬೀಳೋ ಹಾಗೆ ಲೈಟು ಮಾಡಿ, ಹಿಂದಿನ ಚಲನೆ ಮಾತ್ರ ಕಂಪ್ಯೂಟರಲ್ಲಿ ಮಾಡೋದು ಒಳ್ಳೇದು.

ಮನಿಲಾ_ಮೇಲ್
1994ರ ಆಮೇಲೆ ಡಾರ್ನಾ ಸಿನಿಮಾ ಯಾಕೆ ಬರಲೇ ಇಲ್ಲ ಅನ್ನೋದನ್ನ ನಾನು ಹೇಳ್ತೀನಿ.

ಡಾರ್ನಾ ಹಕ್ಕು ರಾವೆಲೊ ಕುಟುಂಬದ್ದು. ವಾಹಿನಿಗಳು ಅವರಿಂದ ಪಡೀಬೇಕು. 2005 ಮತ್ತು 2009ರದ್ದು ಜಿಎಂಎ ವಾಹಿನಿಯಲ್ಲಿ, ಆಮೇಲೆ ಹಕ್ಕು ಎಬಿಎಸ್-ಸಿಬಿಎನ್ ಪಾಲಾಯ್ತು. ಏಂಜೆಲ್ ಲಾಕ್ಸಿನ್ 2007ರಲ್ಲೇ ಜಿಎಂಎ ಬಿಟ್ಟು ಅಲ್ಲಿಗೆ ಬಂದಿದ್ದರು. ಎರಿಕ್ ಮಾಟಿ ನಿರ್ದೇಶನದಲ್ಲಿ ಅವರದ್ದೇ ಸಿನಿಮಾ ಅಂತ ತೀರ್ಮಾನ ಆಗಿತ್ತು. 2015ರಲ್ಲಿ ಬೆನ್ನುಮೂಳೆಯ ಡಿಸ್ಕ್ ತೊಂದರೆಯಿಂದ ಹಿಂದೆ ಸರಿದರು. 2017ರಲ್ಲಿ ಲಿಜಾ ಸೊಬೆರಾನೊ ಹೆಸರು ಬಂತು. 2018ರಲ್ಲಿ ಮಾಟಿ ಹೋದರು, ಜೆರೊಲ್ಡ್ ತಾರೊಗ್ ಬಂದರು. 2019ರಲ್ಲಿ ಲಿಜಾನೂ ಬಿಟ್ಟರು, ಬೇರೆ ಸೀರಿಯಲ್ ಶೂಟಿಂಗಲ್ಲಿ ಬೆರಳಿನ ಮೂಳೆಗೆ ಆದ ಪೆಟ್ಟಿನಿಂದ. 2019ರ ಜುಲೈ 17ರಂದು ಜೇನ್ ಡಿ ಲಿಯೋನ್ ಹೆಸರು ಘೋಷಣೆ ಆಯ್ತು.

ಬೆರಳಿಗೆ ಪೆಟ್ಟಾದರೆ ಸಿನಿಮಾ ಬಿಡಬೇಕಾ ಅಂತ ಆಗ ಬಹಳ ಜನ ಆಡಿಕೊಂಡರು. ಅದು ಅನ್ಯಾಯದ ಮಾತು. ಡಾರ್ನಾ ಪೂರ್ತಿ ಕೈಯಿಂದ ಹೋರಾಡೋ ಪಾತ್ರ, ಮುಷ್ಟಿ ಕಟ್ಟಬೇಕು, ಭಾರ ಎತ್ತಬೇಕು, ರೋಪ್ ಹಿಡೀಬೇಕು.

2020ರ ಆರಂಭದಲ್ಲಿ ಜೇನ್ ಜೊತೆ ಶೂಟಿಂಗ್ ಶುರು ಆಯ್ತು, ಅಷ್ಟರಲ್ಲಿ ಕೊರೊನಾ. ಮೇ ತಿಂಗಳಲ್ಲಿ ಎಬಿಎಸ್-ಸಿಬಿಎನ್ ವಾಹಿನಿಯ ಪ್ರಸಾರ ಪರವಾನಗಿ ಮುಗೀತು, ಜುಲೈ 10ರಂದು ಸಂಸತ್ತಿನ ಸಮಿತಿ ಹೊಸ ಪರವಾನಗಿ ಕೊಡೋಕೆ ನಿರಾಕರಿಸಿತು. ಸಿನಿಮಾ ನಿಂತಿತು, ಅದೇ ಯೋಜನೆ ಸೀರಿಯಲ್ ಆಯ್ತು. ತಮ್ಮದೇ ಉಚಿತ ವಾಹಿನಿ ಇಲ್ಲದ್ದರಿಂದ ಕಪಾಮಿಲ್ಯಾ ಚಾನೆಲ್, ಎ2ಜಡ್, ಟಿವಿ5 ಹೀಗೆ ಹಲವು ಕಡೆ ಒಟ್ಟಿಗೆ ಹಾಕಿದರು. ಮುಖ್ಯ ನಿರ್ದೇಶಕ ಚಿಟೊ ರೊನ್ಯೊ. ಜೇನ್ ಆಯ್ಕೆ ಆಗಿದ್ದಕ್ಕೂ ತೆರೆಗೆ ಬಂದಿದ್ದಕ್ಕೂ ನಡುವೆ ಮೂರು ವರ್ಷ. ಪಾತ್ರ ಸಿಕ್ಕಿದೆ, ಆದರೆ ನೋಡಿದವರು ಯಾರೂ ಇಲ್ಲ, ಅಂಥ ಸ್ಥಿತಿಯಲ್ಲಿ ಅಷ್ಟು ಕಾಲ ತಯಾರಿ ಬಿಡದೆ ಇದ್ದಿದ್ದಕ್ಕೆ ಅವರಿಗೆ ಗೌರವ ಕೊಡಲೇಬೇಕು.

ಮಧುಕೇಶ್ವರ
ಒಪ್ಪಿದೆ. ಆದರೆ ಅದೇ ಕಾರಣಕ್ಕೆ ಸೀರಿಯಲ್‌ನ ನಡುಭಾಗ ಎಳೆದ ಹಾಗಾಗಿದೆ. ಎರಡು ಗಂಟೆಗೆ ಯೋಚಿಸಿದ ಕತೆಗೆ 130 ಎಪಿಸೋಡ್ ತುಂಬಿಸಬೇಕು. ಹಸಿರು ಹರಳಿನಿಂದ ಶಕ್ತಿ ಬಂದ ‘ಎಕ್ಸ್‌ಟ್ರಾ’ಗಳು ಒಬ್ಬರಾದ ಮೇಲೆ ಒಬ್ಬರು ಬಂದು ಹೋಗ್ತಾರೆ, ಎಲ್ಲರೂ ನೆನಪಲ್ಲಿ ಉಳಿಯಲ್ಲ.

ಸುಮಂತ್_ಹಾಸನ
ಎಲ್ಲರಿಗೂ ಧನ್ಯವಾದ. ಹೊಸಬರಿಗೆ ನಾನು ಹೀಗೆ ಬರೆದುಕೊಳ್ತೀನಿ: ಮೊದಲು 1994ರ ಚಿತ್ರ, ಆಮೇಲೆ ವಿಲ್ಮಾದ್ದು ಯಾವುದು ಸಿಕ್ಕರೆ ಅದು, ಆಮೇಲೆ 2022ರ ಮೊದಲ ಎರಡು ವಾರ. ಸರಿನಾ? ಅಂದಹಾಗೆ ಶರೋನ್ ಕುನೆಟಾ, ರೆಜಿನ್ ವೆಲಾಸ್ಕೆಜ್ ಕೂಡ ಡಾರ್ನಾ ಮಾಡಿದಾರೆ ಅಂತ ಓದಿದೆ. ವೀಣಾ ಅವರ ಹನ್ನೆರಡರಲ್ಲಿ ಆ ಹೆಸರಿಲ್ಲವಲ್ಲ?

ವೀಣಾ ಜಿ
ಅವರಿಬ್ಬರೂ ಅತಿಥಿ ಪಾತ್ರ. ರಾವೆಲೊ ಅವರದ್ದೇ ಇನ್ನೊಬ್ಬ ಹೀರೋ ಕ್ಯಾಪ್ಟನ್ ಬಾರ್ಬೆಲ್. ಅವನ 1986ರ ಚಿತ್ರದಲ್ಲಿ ಶರೋನ್, 2003ರ ಚಿತ್ರದಲ್ಲಿ ರೆಜಿನ್ ಸ್ವಲ್ಪ ಹೊತ್ತು ಡಾರ್ನಾ ಆಗಿ ಬರ್ತಾರೆ. ಅದಕ್ಕೇ ಮುಖ್ಯ ಪಟ್ಟಿಗೆ ಸೇರಿಸಿಲ್ಲ. ನಿಮ್ಮ ಕ್ರಮ ಚೆನ್ನಾಗಿದೆ. 2005ರ ಮೊದಲ ಕೆಲವು ಎಪಿಸೋಡನ್ನೂ ಸೇರಿಸಿ, ಏಂಜೆಲ್ ನೋಡದೆ ಇವತ್ತಿನ ಜನ ಡಾರ್ನಾ ಅಂದರೆ ಯಾರನ್ನ ನೆನೀತಾರೆ ಅಂತ ಗೊತ್ತಾಗಲ್ಲ.

ಪ್ರಿಂಟ್_ಪಾಟೀಲ
ಹುಡುಕೋ ಮುಂದ ಬರೀ ‘ಡಾರ್ನಾ’ ಅಂತ ಹೊಡದ್ರ 1951, 1991, 2005, 2009 ಎಲ್ಲಾ ಒಂದೇ ಹೆಸರಿನ್ಯಾಗ ಬಂದು ಕಲಸಿಬಿಡತಾವ್ರಿ. ಹೆಸರಿನ ಜೋಡಿ ವರ್ಷ, ನಟಿ ಹೆಸರು ಎರಡೂ ಹಾಕ್ರಿ. ಇನ್ನೊಂದು, ತಾನಾಗೇ ಬರೋ ಸಬ್‌ಟೈಟಲ್ ನಂಬಬ್ಯಾಡ್ರಿ. ಮಾತು ಟಾಗಾಲಾಗ್ ಮತ್ತ ಇಂಗ್ಲಿಷ್ ಕಲಸಿದ್ದು, ಮಷಿನ್‌ಗೆ ಅರ್ಧ ವಾಕ್ಯ ತಿಳಿಯಂಗಿಲ್ಲ, ನಾರ್ಡಾ ಡಾರ್ನಾ ಎರಡೂ ಅದಲು ಬದಲು ಆಗತಾವು. ಕೈಲೆ ಮಾಡಿದ ಸಬ್‌ಟೈಟಲ್ ಇದ್ದ ಪ್ರತಿನೇ ಹುಡುಕ್ರಿ.